ಅಂಚೆಯ ಹೊಳೆಗೆ ಹಲವು ಕಾಲುವೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಕಟ್ಟಿದ ಜಲಾಶಯ ಮೈಸೂರು ಅರಸರ ಕಾಲದ್ದು. ತೂಬು ಕಿರಿದಾದರೆ ಕೆಳಗೆ ಎಷ್ಟು ಕಾಲುವೆ ತೋಡಿದರೂ ನೀರು ಹೆಚ್ಚದೆಂಬುದನ್ನು ಅಲ್ಲಿನ ತೆಂಗು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇ-ಮೇಲ್ ನಡೆಸುವವರಿಗೂ ಇದೇ ಪಾಠ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್‌ರೊಡನೆ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಯಾವ ಊರಿನ ಗಣಕಯಂತ್ರದ ಮುಂದೆ ಕುಳಿತರೂ ತಮ್ಮ ಪತ್ರ ಓದಬಹುದೆಂದರೆ ಜನ ಬಿಟ್ಟಾರೆಯೆ? 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ವೇಳೆಗೆ ಚಂದಾದಾರರು 80 ಲಕ್ಷ ಮೀರಿದ್ದರು. ಇಷ್ಟು ಮಂದಿಗೆ ಒಂದು ಸರ್ವರ್ ಸಾಲದು. ಹಲವನ್ನು ಸಾಲಾಗಿರಿಸಿ, ಬಂದವರನ್ನು ಹಂಚಲು ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ದ್ವಾರಪಾಲಕನನ್ನು ನಿಲ್ಲಿಸುವರು.

ಸರದಿಯಂತೆ ಸಮನಾಗಿ ಹಂಚಿದರೆ ಸಾಲದೆ? ಸಾಲದು. ಒಬ್ಬಾತ ಎರಡು ಪತ್ರ ಓದಿ ಎದ್ದಾನು; ಇನ್ನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ವರ್ಷದ ಕಾಗದ ತುಂಬಿದ್ದೀತು. ತಲೆ ಎಣಿಸಿದರೆ ಹೊರೆ ತಿಳಿಯದು. ಆ ಗಳಿಗೆಯಲ್ಲಿ ಕೆಲಸ ಕಡಮೆಯಿರುವ ಸರ್ವರಿಗೆ ಹೊಸಬನನ್ನು ಕಳುಹಿಸುವುದೇ ಜಾಣತನ. ನೀರಿಗಿಲ್ಲದ ತೊಡಕೊಂದು ಇಲ್ಲುಂಟು: ಮೊದಲ ಸರ್ವರ್ ಗುರುತು ಹಿಡಿದವನನ್ನು ಎರಡನೆಯದು ಅರಿಯದೆ ಮತ್ತೆ ಪಾಸ್‌ವರ್ಡ್ ಕೇಳೀತು. ನೌಕರಿಗೆ ಅರ್ಜಿ ಬರೆಯುತ್ತಿದ್ದವನ ಅರ್ಧ ಪತ್ರ ಅಲ್ಲಿಗೇ ಹೋಯಿತು! ಗುರುತಿನ ದಾಖಲೆಯನ್ನು ಎಲ್ಲ ಸರ್ವರುಗಳಿಗೂ ಸಿಗುವೆಡೆ ಇಡುವುದೇ ಇದಕ್ಕೆ ಮದ್ದು.

ಇನ್ನು ತೂಬಿನ ಮಾತು. ಪತ್ರಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದರೆ ಮುಂದೆ ನೂರು ಸರ್ವರ್ ನಿಂತರೂ ಎಲ್ಲವೂ ಅದನ್ನೇ ಕಾಯುತ್ತ ಕೂರಬೇಕು. ಪೆಟ್ಟಿಗೆಗಳನ್ನು ಹಲವು ಡಿಸ್ಕುಗಳಿಗೆ ಹಂಚಬೇಕು. ಪಟ್ಟಿ ತೋರಿಸಲು ಪತ್ರಗಳನ್ನೆಲ್ಲ ಬಿಚ್ಚದೆ, ಮೊದಲೇ ಬರೆದಿಟ್ಟ ಸೂಚಿಯಿಂದ ಒಂದು ಪುಟದಷ್ಟೇ ತರಬೇಕು. ಸರ್ವರೊಂದಕ್ಕೆ ರಿಪೇರಿ ಬೇಕಾದಾಗ ಥಟ್ಟನೆ ನಿಲ್ಲಿಸುವುದಿಲ್ಲ. ಹೊಸಬರನ್ನು ಬೇರೆಡೆಗೆ ತಿರುಗಿಸಿ, ಒಳಗಿರುವವರು ಕೆಲಸ ಮುಗಿಸುವವರೆಗೆ ಕಾಯುವರು.