ಕಿಲ್ಲಾರಿಯ ಭೂಕಂಪ: ಮನೆಗಳೇ ಗೋರಿಗಳಾದ ಬಗೆ

1993ರ ಸೆಪ್ಟೆಂಬರ್ 30, ಗುರುವಾರ. ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದಾಗ ಮಹಾರಾಷ್ಟ್ರದ ಲಾತೂರು ಹಾಗೂ ಆಗಿನ ಉಸ್ಮಾನಾಬಾದ್ ಜಿಲ್ಲೆಗಳ ನೆಲ ನಡುಗಿತು. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ. ಗಣಪತಿ ವಿಸರ್ಜನೆ ಮುಗಿಸಿ ತಡವಾಗಿ ಮಲಗಿದ್ದ ಜನ ಗಾಢನಿದ್ರೆಯಲ್ಲಿದ್ದರು. ಕೆಲವೇ ಕ್ಷಣಗಳಲ್ಲಿ ಕಿಲ್ಲಾರಿ, ಸಾಸ್ತೂರು, ಪೇಠ ಸಾಂಗ್ವಿ, ಹೋಳಿ ಮೊದಲಾದ ಹಳ್ಳಿಗಳು ಕಲ್ಲುಮಣ್ಣಿನ ದಿಬ್ಬಗಳಾದವು. ಸರಕಾರದ ಲೆಕ್ಕದಂತೆ ಸತ್ತವರು ಸುಮಾರು ಎಂಟು ಸಾವಿರ. ಬೇರೆ ಕೆಲವು ಅಂದಾಜುಗಳಂತೆ ಹತ್ತು ಸಾವಿರದ ಸಮೀಪ. ಐವತ್ತೆರಡು ಗ್ರಾಮಗಳನ್ನು ಹಳೆಯ ನಿವೇಶನದಲ್ಲಿ ಮತ್ತೆ ಕಟ್ಟುವ ಗೊಡವೆಗೇ ಹೋಗದೆ ಬೇರೆಡೆಗೆ ಸ್ಥಳಾಂತರಿಸಬೇಕಾಯಿತು.

ಈ ದುರಂತ ನಮಗೆ ದೂರದ್ದೇನಲ್ಲ. ಕಿಲ್ಲಾರಿಯಿಂದ ನಮ್ಮ ಬಸವಕಲ್ಯಾಣಕ್ಕೆ ನೇರ ದೂರ ಐವತ್ತು ಕಿಲೋಮೀಟರಿಗಿಂತ ಕಡಿಮೆ. ಕಿಲ್ಲಾರಿಯ ಪಕ್ಕದಲ್ಲಿ ಹರಿಯುವ ತೇರಣಾ ನದಿ ಮಾಂಜ್ರಾವನ್ನು ಸೇರಿ, ಆ ನೀರು ಬೀದರ್ ಜಿಲ್ಲೆಯನ್ನು ಹಾಯುತ್ತದೆ. ಅಂದು ಬೀದರ್, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳಲ್ಲೂ ಜನ ಹೆದರಿ ಬೀದಿಗೆ ಓಡಿದರು, ಮನೆಗಳು ಬಿರುಕುಬಿಟ್ಟವು. ಭಾಷೆ ಬೇರೆಯಾದರೂ ಅಲ್ಲಿಯ ಕಪ್ಪು ಎರೆಭೂಮಿ, ಜೋಳದ ಹೊಲ, ಮಣ್ಣಿನ ಮಾಳಿಗೆ ಮನೆ ಇವೆಲ್ಲ ನಮ್ಮ ಉತ್ತರದ ಜಿಲ್ಲೆಗಳಿಗೆ ಚಿರಪರಿಚಿತವೇ.

ಇಷ್ಟು ಮಂದಿಯನ್ನು ಬಲಿತೆಗೆದುಕೊಂಡ ಕಂಪನ ಅದೆಷ್ಟು ದೊಡ್ಡದಾಗಿದ್ದಿರಬೇಕೆಂದು ಯಾರಿಗಾದರೂ ಅನ್ನಿಸೀತು. ಆದರೆ ವಿಜ್ಞಾನಿಗಳು ಒಪ್ಪಿರುವ ಅದರ ಪ್ರಮಾಣ 6.2 ಮಾತ್ರ. ಜಗತ್ತಿನ ಭೂಕಂಪಗಳ ಪಟ್ಟಿಯಲ್ಲಿ ಇದು ಮಧ್ಯಮ ದರ್ಜೆಯದು. ಅದಕ್ಕೆ ನಾಲ್ಕು ವರ್ಷ ಮೊದಲು, 1989ರ ಅಕ್ಟೋಬರ್ 17ರಂದು ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ 6.9 ಪ್ರಮಾಣದ ಭೂಕಂಪವಾಗಿತ್ತು. ಅದು ಹೊರಹಾಕಿದ ಶಕ್ತಿ ಕಿಲ್ಲಾರಿಯದಕ್ಕಿಂತ ಹತ್ತು ಪಟ್ಟು ಹೆಚ್ಚು. ಮಡಿದವರು 63 ಮಂದಿ. ಅದು ಸಂಜೆಯ ಹೊತ್ತು, ಜನ ಎಚ್ಚರವಾಗಿದ್ದರು ಎಂಬುದೂ ನಿಜವೇ. ಆದರೆ 63 ಎಲ್ಲಿ, ಎಂಟು ಸಾವಿರ ಎಲ್ಲಿ? ಈ ಅಂತರಕ್ಕೆ ಕಾರಣವನ್ನು ನಾವು ನೆಲದ ಅಡಿಯಲ್ಲಿಯೂ ಹುಡುಕಬೇಕು, ನೆಲದ ಮೇಲೆಯೂ ಹುಡುಕಬೇಕು.

ಮೊದಲು ನೆಲದ ಅಡಿ. ದಖ್ಖನ್ ಪ್ರಸ್ಥಭೂಮಿ ಅಚಲವಾದುದು, ಭೂಕಂಪವೇನಿದ್ದರೂ ಹಿಮಾಲಯದ ಪಾಡು ಎಂಬ ನಂಬಿಕೆ ಶಾಲೆಯ ಪಾಠಗಳಿಂದಲೇ ನಮ್ಮಲ್ಲಿ ಬೇರೂರಿತ್ತು. ಸರಕಾರದ ಭೂಕಂಪ ವಲಯ ನಕ್ಷೆಯೂ ಅದನ್ನೇ ಹೇಳುತ್ತಿತ್ತು: ಆಗಿನ ಐದು ವಲಯಗಳಲ್ಲಿ ಕಿಲ್ಲಾರಿ ಇದ್ದುದು ಅತ್ಯಂತ ಸುರಕ್ಷಿತವೆನಿಸಿದ ಒಂದನೆಯದರಲ್ಲಿ. ಆದರೆ ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಹಿಮಾಲಯ ಎದ್ದು ನಿಂತದ್ದು ಆ ಒತ್ತಡದಿಂದಲೇ. ಒತ್ತಡವಾದರೋ ಗಡಿಯಲ್ಲಷ್ಟೇ ನಿಲ್ಲುವುದಿಲ್ಲ, ಫಲಕದ ಒಳಭಾಗಕ್ಕೂ ಹರಡುತ್ತದೆ. ಅಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಒಡೆದು ಬೆಸೆದುಕೊಂಡಿದ್ದ ಹಳೆಯ ಬಿರುಕುಗಳಿದ್ದರೆ, ಎಂದೋ ಒಂದು ದಿನ ಅವು ಮತ್ತೆ ಸರಿಯುತ್ತವೆ.

ಕಿಲ್ಲಾರಿಯಲ್ಲಿ ಆದದ್ದು ಅದೇ. ಭೂಕಂಪದ ತರುವಾಯ ಅಲ್ಲಿ ಆಳವಾದ ಕೊಳವೆ ಕೊರೆದು ನೋಡಿದಾಗ, ಸುಮಾರು 340 ಮೀಟರ್ ದಪ್ಪದ ಜ್ವಾಲಾಮುಖಿಯ ಕರಿಕಲ್ಲಿನ ಪದರದ ಕೆಳಗೆ ಅತಿಪ್ರಾಚೀನವಾದ ಶಿಲಾಸ್ತರ ಸಿಕ್ಕಿತು. ಮೇಲೆ ಲಾವಾದ ಹೊದಿಕೆ ಇರುವುದರಿಂದ ಕೆಳಗಿನ ಬಿರುಕುಗಳು ಹೊರಗಣ್ಣಿಗೆ ಕಾಣುವುದೇ ಇಲ್ಲ. ಅಂಥದೊಂದು ಬಿರುಕಿನಲ್ಲಿ ಒಂದು ಬದಿಯ ಶಿಲೆ ಇನ್ನೊಂದರ ಮೇಲಕ್ಕೆ ನೂಕಲ್ಪಟ್ಟಿತು. ಕಂಪನದ ಮೂಲ ನೆಲಮಟ್ಟದಿಂದ ಕೆಲವೇ ಕಿಲೋಮೀಟರ್ ಆಳದಲ್ಲಿದ್ದುದರಿಂದ, ಅದರ ಪೂರ್ತಿ ಆಘಾತ ಸುತ್ತಲಿನ ಸಣ್ಣ ಪ್ರದೇಶದ ಮೇಲೆ ಎರಗಿತು. ಹತ್ತಿರದ ಕೆಳ ತೇರಣಾ ಜಲಾಶಯದ ನೀರೇ ಕಾರಣವೆಂದು ಕೆಲವರು ವಾದಿಸಿದರು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪಕ್ಕೆ ಅಣೆಕಟ್ಟಿನ ನೀರು ಕಾರಣವಾದದ್ದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿರುವುದರಿಂದ ಆ ಶಂಕೆ ಅಸಹಜವೂ ಅಲ್ಲ. ಆದರೆ ಕಿಲ್ಲಾರಿಯ ವಿಷಯದಲ್ಲಿ ಆ ವಾದಕ್ಕೆ ಹೆಚ್ಚಿನವರ ಸಮ್ಮತಿ ದೊರೆಯಲಿಲ್ಲ.

ನೆಲ ಮುನ್ಸೂಚನೆಯನ್ನೂ ಕೊಟ್ಟಿತ್ತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1992ರಲ್ಲಿ ಕಿಲ್ಲಾರಿಯ ಸುತ್ತ ಸಣ್ಣ ಸಣ್ಣ ಕಂಪನಗಳ ಸರಣಿಯೇ ಆಗಿತ್ತು. ಅಕ್ಟೋಬರಿನಲ್ಲಿ ಆದದ್ದರ ಪ್ರಮಾಣ ನಾಲ್ಕರ ಆಸುಪಾಸಿನದು. ಹೆದರಿದ ಜನ ಮನೆಯ ಹೊರಗೆ ಮಲಗಿದರು. ತಿಂಗಳುಗಳು ಕಳೆದವು, ಕಂಪನ ನಿಂತಿತು, ಜನ ಒಳಗೆ ಬಂದರು. ಅವರನ್ನು ದೂಷಿಸಲು ನಮಗೆ ನಾಲಗೆ ಬರುವುದಿಲ್ಲ. ಸಣ್ಣ ಕಂಪನಗಳೆಲ್ಲ ದೊಡ್ಡದರ ಮುನ್ಸೂಚನೆಯಲ್ಲ. ಯಾವುದು ಹೌದು, ಯಾವುದು ಅಲ್ಲವೆಂದು ಮೊದಲೇ ತಿಳಿಸುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ.

ಇಂಥ ಹೊತ್ತಿನಲ್ಲೆಲ್ಲ ದೇವರ ಕೋಪದ ಮಾತು ಕೇಳಿಬರುತ್ತದೆ. 1934ರ ಜನವರಿಯ ಬಿಹಾರ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಸ್ವತಃ ಗಾಂಧೀಜಿಯವರೇ ಹೇಳಿದಾಗ, ಕವಿ ರವೀಂದ್ರರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲವೆಂದು ಪ್ರಭು ಕ್ರಿಸ್ತರು ಹೇಳಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದಿರುವ ನಮಗೆ ಈ ಚರ್ಚೆ ಹೊಸತಲ್ಲ. ಆದ್ದರಿಂದ ನಾವು ಗೋಪುರವನ್ನೇ, ಎಂದರೆ ಕಿಲ್ಲಾರಿಯ ಗೋಡೆಯನ್ನೇ, ನೋಡೋಣ.

ಅಲ್ಲಿಯ ಗೋಡೆ ಎರಡು ಅಡಿಯಿಂದ ನಾಲ್ಕು ಅಡಿಯವರೆಗೆ ದಪ್ಪ. ಬೇಸಿಗೆಯ ಉರಿಯನ್ನೂ ಕಳ್ಳಕಾಕರನ್ನೂ ಹೊರಗಿಡಲು ಅದು ತಕ್ಕುದಾಗಿತ್ತು. ಗೋಡೆ ದಪ್ಪವಾದಷ್ಟೂ ಮನೆತನಕ್ಕೆ ಗೌರವ. ಆದರೆ ಅದನ್ನು ಒಂದು ಗೋಡೆ ಎನ್ನುವುದೇ ತಪ್ಪು. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣಿನ ತುಂಬು. ಎರಡು ತೆಳ್ಳನೆಯ ಗೋಡೆಗಳು ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಅಕ್ಕಪಕ್ಕ ನಿಂತಿದ್ದವು. ಕಲ್ಲುಗಳನ್ನು ಚೌಕವಾಗಿ ಕೆತ್ತಿರಲಿಲ್ಲ. ಹೊಲದಲ್ಲಿ ಸಿಕ್ಕಿದ ಗುಂಡುಗಲ್ಲುಗಳೇ ಹೆಚ್ಚು. ಬಂಧಕ್ಕೆ ಬರಿಯ ಮಣ್ಣಿನ ಕೆಸರು, ಅದೂ ಮಳೆಗಾಲದ ಕೊನೆಯ ದಿನಗಳಲ್ಲಿ ತೇವವುಂಡು ಮೆತ್ತಗಾಗಿರುವಂಥದು.

ಈ ಗೋಡೆ ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನು ನೂರು ವರ್ಷ ಹೊರಬಲ್ಲದು. ಭೂಕಂಪ ಮಾತ್ರ ಗೋಡೆಯನ್ನು ಅಡ್ಡಡ್ಡಲಾಗಿ ಅಲುಗಿಸುತ್ತದೆ. ಮೊದಲ ಅಲುಗಾಟಕ್ಕೆ ನಡುವಿನ ತುಂಬು ಕೆಳಕ್ಕೆ ಕುಸಿಯುತ್ತ ಬೆಣೆಯಂತೆ ಎರಡು ಮುಖಗಳನ್ನು ದೂರ ನೂಕುತ್ತದೆ. ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬುತ್ತದೆ. ಮುಂದಿನ ಅಲುಗಾಟಕ್ಕೆ ಒಂದು ಮುಖ ಬೀದಿಗೂ ಇನ್ನೊಂದು ಮುಖ ಮಲಗಿದವರ ಮೇಲಕ್ಕೂ ಉರುಳುತ್ತದೆ. ಮೂಲೆಗಳಲ್ಲಿ ಎರಡು ಗೋಡೆಗಳನ್ನು ಹೆಣೆದು ಕಟ್ಟಿರದಿದ್ದರೆ ಅವು ಅಲ್ಲಿಯೇ ಸೀಳಿ ಬೇರೆಯಾಗುತ್ತವೆ. ವಸ್ತು ಭಾರವಾದಷ್ಟೂ ಅಲುಗಾಟದ ಬಲವೂ ಹೆಚ್ಚು. ಹೀಗಾಗಿ ಯಾವ ದಪ್ಪವನ್ನು ಜನ ಭದ್ರತೆಯೆಂದು ನಂಬಿದ್ದರೋ ಅದೇ ಅವರಿಗೆ ಮೃತ್ಯುವಾಯಿತು.

ಇನ್ನು ಮಾಳಿಗೆ. ಮರದ ತೊಲೆ, ಜಂತಿ, ಹಲಗೆ, ಅದರ ಮೇಲೆ ಮೇಲ್ಮುದ್ದೆಯ ಮಣ್ಣು. ಸೋರಿಕೆ ಕಂಡಾಗಲೆಲ್ಲ ಇನ್ನಷ್ಟು ಮಣ್ಣು ಹಾಕುವುದು ವಾಡಿಕೆ. ಹಾಗೆ ಹಾಕುತ್ತ ಹಾಕುತ್ತ ಅದು ಒಂದು ಅಡಿ, ಕೆಲವೆಡೆ ಎರಡು ಅಡಿಯಾಗುತ್ತಿತ್ತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಅದರ ತೂಕ ಆರು ಟನ್ನಿಗೂ ಮಿಕ್ಕುತ್ತದೆ. ಕಾಂಕ್ರೀಟಿನ ಚಪ್ಪಡಿ ಬಿದ್ದಲ್ಲಿ ಅಡಿಯಲ್ಲೊಂದು ಪೊಳ್ಳು ಉಳಿದು, ಮನುಷ್ಯ ಒಂದೆರಡು ದಿನ ಬದುಕಿರಬಹುದು. ಮಣ್ಣು ಕುಸಿದಲ್ಲಿ ಉಸಿರಾಡಲೂ ಎಡೆಯಿರುವುದಿಲ್ಲ.

ಎಲ್ಲ ಮನೆಗಳೂ ಒಂದೇ ಬಗೆಯಾಗಿ ಬೀಳಲಿಲ್ಲ. ಮಾಳಿಗೆಯ ಭಾರವನ್ನು ಮರದ ಕಂಬಗಳೇ ಹೊತ್ತಿದ್ದ ಕಡೆ, ಸುತ್ತಲ ಗೋಡೆ ಪೂರ್ತಿ ಉದುರಿಹೋದರೂ ಕಂಬ ತೊಲೆಗಳು ಮಾಳಿಗೆಯನ್ನು ಎತ್ತಿಹಿಡಿದು ನಿಂತದ್ದುಂಟು. ತೊಲೆಗಳನ್ನು ಗೋಡೆಯ ಮೇಲೆಯೇ ಊರಿದ್ದ ಕಡೆ ಎಲ್ಲವೂ ಒಟ್ಟಿಗೆ ಬಂತು. ಊರಂಚಿನ ಗುಡಿಸಲುಗಳ ಸಂಗತಿ ಎಲ್ಲಕ್ಕಿಂತ ವಿಚಿತ್ರ. ಕಲ್ಲಿನ ಮನೆ ಕಟ್ಟಲು ಗತಿಯಿಲ್ಲದ ಬಡವರು ಹುಲ್ಲು ಅಥವಾ ತಗಡಿನ ಮಾಡಿನ ಕೆಳಗೆ ಮಲಗಿದ್ದರು. ಅಲ್ಲಿ ಬೀಳಲು ಭಾರವೇ ಇರಲಿಲ್ಲವಾಗಿ ಅವರಲ್ಲಿ ಬಹುಮಂದಿ ಬದುಕಿ ಉಳಿದರು. ದೊಡ್ಡ ವಾಡೆಗಳ ಒಡೆಯರು ತಮ್ಮ ವಾಡೆಗಳ ಕೆಳಗೇ ಹೂತುಹೋದರು.

ಇದನ್ನು ತಪ್ಪಿಸಲು ಬೇಕಾಗಿದ್ದುದು ಅತಿ ಸರಳ. ಗೋಡೆಯ ಒಳಮುಖದಿಂದ ಹೊರಮುಖದವರೆಗೆ ಪೂರ್ತಿ ಹಾಯುವಂಥ ಉದ್ದನೆಯ ಕಲ್ಲುಗಳನ್ನು ಎರಡಡಿ ಎತ್ತರಕ್ಕೊಂದು ಸಾಲಿನಂತೆ, ನಾಲ್ಕಡಿಗಿಂತ ಹೆಚ್ಚು ಅಂತರವಿಲ್ಲದೆ ಇಟ್ಟರೆ ಎರಡು ಮುಖಗಳೂ ಒಂದಾಗುತ್ತವೆ. ಗೋಡೆಯ ದಪ್ಪ ಒಂದೂವರೆ ಅಡಿ ಮೀರಬಾರದು. ಬಾಗಿಲು ಕಿಟಕಿಗಳ ತಲೆಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವರಿಯುವ ಕಬ್ಬಿಣ ಕಾಂಕ್ರೀಟಿನ ಪಟ್ಟಿಯೊಂದಿರಬೇಕು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ನಾಲ್ಕೂ ಗೋಡೆಗಳನ್ನು ಹಿಡಿದಿಡುತ್ತದೆ. ಭಾರತೀಯ ಮಾನಕ ಸಂಸ್ಥೆ ಈ ನಿಯಮಗಳನ್ನು ಅದೇ 1993ರಲ್ಲಿ ಪ್ರಕಟಿಸಿತು.

ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಪುನರ್ವಸತಿಯಲ್ಲಿ ಸ್ಥಳಾಂತರಗೊಂಡ ಗ್ರಾಮಗಳಿಗೆ ಹೊಸ ಮನೆಗಳು ಬಂದವು. ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಕೆಲಸವೆಂದರೆ ಬೀಳದೆ ಉಳಿದ ಹಳೆಯ ಮನೆಗಳನ್ನು ಭದ್ರಪಡಿಸಿದ್ದು. ಗೋಡೆಯಿಂದ ಒಂದೆರಡು ಕಲ್ಲು ಮೆಲ್ಲನೆ ಕಿತ್ತು ಆರಪಾರ ತೂತು ಮಾಡಿ, ಕೊಕ್ಕೆಯಿರುವ ಕಬ್ಬಿಣದ ಸಲಾಕೆಯಿಟ್ಟು ಕಾಂಕ್ರೀಟು ತುಂಬುವುದು. ತಲೆಮಟ್ಟದಲ್ಲಿ ತಂತಿಬಲೆಯ ಪಟ್ಟಿ ಹೊಡೆದು ಸಿಮೆಂಟು ಬಳಿಯುವುದು. ಮಾಳಿಗೆಯ ಮಣ್ಣನ್ನು ತೆಳುವಾಗಿಸುವುದು. ಊರಿನ ಮೇಸ್ತ್ರಿಯೇ ಕಲಿತು ಮಾಡಬಲ್ಲ ಕೆಲಸಗಳಿವು. ಆದರೆ ಜನಕ್ಕೆ ಕಲ್ಲಿನ ಮೇಲೆ ವಿಶ್ವಾಸವೇ ಹೋಗಿತ್ತು. ಕಲ್ಲು ಕೊಂದಿತು, ಇನ್ನು ಸಿಮೆಂಟೇ ಗತಿ ಎಂದರು. ನೊಂದವರ ಆ ಮಾತು ಅರ್ಥವಾಗುವಂಥದೇ, ಆದರೂ ಪೂರ್ತಿ ಸರಿಯಲ್ಲ.

ಸಿಮೆಂಟು ಮಾತ್ರದಿಂದ ರಕ್ಷಣೆಯಿಲ್ಲವೆಂಬುದನ್ನು 2001ರ ಜನವರಿ 26ರ ಗುಜರಾತ್ ಭೂಕಂಪ ತೋರಿಸಿತು. ಮೂಲಸ್ಥಾನವಾದ ಕಚ್ಛದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಅನೇಕವು ಕೆಳಗೆ ವಾಹನ ನಿಲ್ಲಿಸಲೆಂದು ಗೋಡೆಗಳನ್ನೇ ಬಿಟ್ಟು, ಬರಿಯ ಕಂಬಗಳ ಮೇಲೆ ನಿಂತಿದ್ದವು. ಮೇಲಿನ ಮಹಡಿಗಳು ಗೋಡೆಗಳಿಂದ ಗಟ್ಟಿಯಾಗಿದ್ದು ಕೆಳಗಿನದೊಂದೇ ಸಡಿಲವಾಗಿದ್ದರೆ, ಅಲುಗಾಟವೆಲ್ಲ ಆ ಕಂಬಗಳ ಮೇಲೆಯೇ ಬೀಳುತ್ತದೆ.

ಕರಾವಳಿಯ ನಾವು ಹೀಗೆ ಕಂಬಗಳ ಮೇಲಿನ ಎಷ್ಟು ಕಟ್ಟಡಗಳಲ್ಲಿ ವಾಸಿಸುತ್ತಿದ್ದೇವೆ! 2002ರಲ್ಲಿ ಪರಿಷ್ಕೃತವಾದ ನಕ್ಷೆ ಒಂದನೆಯ ವಲಯವನ್ನೇ ರದ್ದುಮಾಡಿ, ಮಂಗಳೂರು, ಕಾರವಾರ, ಬೆಳಗಾವಿ, ವಿಜಾಪುರಗಳನ್ನು ಮೂರನೆಯ ವಲಯದಲ್ಲಿ ಇರಿಸಿತು. ಬೆದರಿಸಲು ನಾವಿದನ್ನು ಬರೆಯುತ್ತಿಲ್ಲ. ಚೌಕವಾಗಿ ಕಡಿದ ಮುರಕಲ್ಲು ಕಿಲ್ಲಾರಿಯ ಗುಂಡುಗಲ್ಲಿಗಿಂತ ಎಷ್ಟೋ ಮೇಲು. ಹಂಚಿನ ಮಾಡು ಮೇಲ್ಮುದ್ದೆಗಿಂತ ಎಷ್ಟೋ ಹಗುರ. ಆದರೆ ಹಂಚಿನ ಮನೆಯ ಎರಡು ತುದಿಗಳಲ್ಲಿ ತ್ರಿಕೋನವಾಗಿ ಮೇಲೇರುವ ಗೋಡೆ, ಮಾಡಿನ ಮರಕ್ಕೆ ಬಿಗಿದಿರದಿದ್ದರೆ ಒಂಟಿಯಾಗಿಯೇ ನಿಂತಿರುತ್ತದೆ. ಹಳೆಯ ಇಗರ್ಜಿಗಳ ಎತ್ತರವಾದ ಮುಂಗೋಡೆಗಳ ಮಾತೂ ಇದೇ. ದುರಸ್ತಿಗೆಂದು ಮಾಡು ಬಿಚ್ಚಿದಾಗ ಈ ಗೋಡೆಗಳನ್ನು ಪರಿಣತರಿಗೆ ತೋರಿಸಿ ಒಳಗಿನ ಮರಕ್ಕೆ ಬಿಗಿಸಿಕೊಳ್ಳಲು ಆಗುವ ಖರ್ಚು ಬಣ್ಣ ಬಳಿಯುವ ಖರ್ಚಿನ ಮುಂದೆ ದೊಡ್ಡದಲ್ಲ. ಹೊಸ ಮನೆ ಕೊಳ್ಳುವವರು ಅಡುಗೆಮನೆಯ ಕಲ್ಲು ಯಾವುದೆಂದು ಕೇಳುವ ಮೊದಲು, ಕೆಳಗಿನ ಕಂಬಗಳ ಲೆಕ್ಕದಲ್ಲಿ ಭೂಕಂಪದ ಬಲವನ್ನು ಹಿಡಿದಿದ್ದಾರೆಯೇ ಎಂದು ಎಂಜಿನಿಯರರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬಹುದು.