ಹಾಯಿಯನ್ನು ಎಷ್ಟು ಬಿಗಿಯಬೇಕು?

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಗಾದೆ. ಸುರಪುರ, ಶಹಾಪುರದ ಕಡೆಯ ಕಣಗಳಲ್ಲಿ ಜೋಳದ ರಾಶಿ ತೂರುವುದನ್ನು ಕಂಡವರಿಗೆ ಈ ಮಾತಿನ ಹಿಂದಿರುವ ಜಾಣ್ಮೆ ತಿಳಿದೇ ಇದೆ. ತೂರುವವನು ಮೊದಲು ಹಿಡಿ ಹೊಟ್ಟನ್ನು ಎಸೆದು ಗಾಳಿಯ ದಿಕ್ಕನ್ನು ನೋಡುತ್ತಾನೆ. ಗಾಳಿ ತಿರುಗಿದರೆ ತಾನೂ ತಿರುಗಿ ನಿಲ್ಲುತ್ತಾನೆ. ಹಾಯಿದೋಣಿಯನ್ನು ನಡೆಸಲು ಹೊಸದಾಗಿ ಕಲಿಯುವವನು ಅಭ್ಯಾಸಮಾಡಬೇಕಾದುದೂ ಇದನ್ನೇ.

ಕೃಷ್ಣೆಯ ಹರಿಗೋಲನ್ನು ನಮ್ಮ ವಾಚಕರು ಬಲ್ಲರು. ಅದರ ನಡುವೆ ಒಂದು ಕಂಬವನ್ನು ನಿಲ್ಲಿಸಿ ಪಂಚೆಯನ್ನು ಹಾಯಿಯಂತೆ ಕಟ್ಟಿದರೆ ಏನಾದೀತು? ಗಾಳಿ ಬೀಸಿದತ್ತ ಅದು ಗಿರಕಿ ಹೊಡೆಯುತ್ತ ತೇಲಿಹೋದೀತು, ಅಷ್ಟೆ. ಬುಟ್ಟಿಯಂಥ ಆ ದುಂಡು ತಳಕ್ಕೆ ಹಿಂದು ಮುಂದೆಂಬ ಭೇದವಿಲ್ಲ. (ಇದನ್ನು ಯಾರೂ ಹೊಳೆಗಿಳಿದು ಪರೀಕ್ಷಿಸಬಾರದೆಂದು ಕೇಳಿಕೊಳ್ಳುತ್ತೇವೆ.) ಹಾಯಿದೋಣಿಯಾದರೋ ಉದ್ದವಾದುದು; ಅದರ ಅಡಿಯಲ್ಲಿ ನೀರಿನೊಳಗೆ ಇಳಿಬಿಟ್ಟ ಹಲಗೆಯೊಂದಿರುತ್ತದೆ. ಈ ಹಲಗೆ ದೋಣಿಯನ್ನು ಪಕ್ಕಕ್ಕೆ ಜಾರಗೊಡದು. ಎತ್ತಿನ ಬಂಡಿಯನ್ನು ಓರೆಯಾಗಿ ತಳ್ಳಿದರೂ ಅದು ಗಾಲಿ ಉರುಳುವತ್ತಲೇ ಸಾಗುವುದಷ್ಟೆ? ಹಾಗೆಯೇ ಹಾಯಿಯ ಮೇಲೆ ಓರೆಯಾಗಿ ಬಿದ್ದ ಬಲದಲ್ಲಿ ಮುಂದೊತ್ತುವ ಅಂಶವೇ ದೋಣಿಯನ್ನು ನಡೆಸುತ್ತದೆ.

ಆ ಬಲ ಹುಟ್ಟುವುದೆಲ್ಲಿಂದ? ಬಾಗಿದ ಹಾಯಿಯು ತನ್ನತ್ತ ಬಂದ ಗಾಳಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯೂ ಹಾಯಿಯನ್ನು ತಳ್ಳುತ್ತದೆ. ಗಾಳಿಯು ಹಾಯಿಯ ಎರಡು ಮೈಗಳನ್ನೂ ನಯವಾಗಿ ಸವರಿಕೊಂಡು ಹೋದರೆ ಮಾತ್ರ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಹೊಸಬನು ಎಡವುವುದು ಇಲ್ಲಿಯೇ. ಹಗ್ಗವನ್ನು ಎಳೆದಷ್ಟೂ ವೇಗ ಹೆಚ್ಚುವುದೆಂದು ಅವನು ನಂಬುತ್ತಾನೆ. ಬಿಗಿದ ಹಾಯಿ ಉಬ್ಬಿ ನೋಡಲು ಚೆಂದವಾಗಿಯೂ ಇರುತ್ತದೆ! ಆದರೆ ಕೃಷ್ಣೆಯ ಹೆಬ್ಬಂಡೆಗಳ ಹಿಂದೆ ನೀರು ಸುಳಿಗೊಳ್ಳುವಂತೆ, ಅತಿಯಾಗಿ ಬಿಗಿದ ಹಾಯಿಯ ಹಿಂಬದಿಯಲ್ಲಿ ಗಾಳಿ ಹರಿದು ಸುಳಿಯಾಗುತ್ತದೆ. ದೋಣಿ ವಾಲುತ್ತದೆ, ಮುಂದೆ ಹೋಗದು.

ಸರಿಯಾದ ಕ್ರಮವು ಇದಕ್ಕೆ ವಿರುದ್ಧವಾದುದು. ಗಾಳಿ ಪಕ್ಕದಿಂದ ಬೀಸುತ್ತಿದೆಯೆಂದು ಇಟ್ಟುಕೊಳ್ಳೋಣ. ಮೊದಲು ಹಗ್ಗವನ್ನು ಸಡಿಲಬಿಡಬೇಕು. ಹಾಯಿ ಬಾವುಟದಂತೆ ಪಟಪಟಿಸುತ್ತದೆ. ಅನಂತರ ಮೆಲ್ಲಮೆಲ್ಲನೆ ಎಳೆಯಬೇಕು. ಕಂಬದ ಬಳಿಯ ಅಂಚು ಪಟಪಟಿಸುವುದನ್ನು ನಿಲ್ಲಿಸಿದೊಡನೆ ಕೈಯೂ ನಿಲ್ಲಬೇಕು. ಸಂದೇಹ ಬಂದರೆ ಮತ್ತೆ ಸಡಿಲಿಸಿ ನೋಡಬೇಕು. ಅನುಭವಿಗಳು ಹಾಯಿಯ ಎರಡು ಮೈಗಳಿಗೂ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ನೇರವಾಗಿ ಹಿಂದಕ್ಕೆ ಹಾರಿದರೆ ಹಾಯಿ ಸರಿಯಾಗಿದೆ. ಗಾಳಿ ಬರುವ ಕಡೆಯ ಎಳೆ ತತ್ತರಿಸಿದರೆ ಹಗ್ಗವನ್ನು ತುಸು ಎಳೆಯಬೇಕು, ಮರೆಯ ಕಡೆಯದು ತತ್ತರಿಸಿದರೆ ಬಿಡಬೇಕು.

ಹಗ್ಗವನ್ನು ದೋಣಿಗೆ ಎಂದಿಗೂ ಗಂಟು ಹಾಕಬಾರದು. ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ನಾಲ್ಕರಷ್ಟಾಗುತ್ತದೆ. ಬಿರುಗಾಳಿಯ ಏಟು ಬಿದ್ದಾಗ ಕೈಯಲ್ಲಿರುವ ಹಗ್ಗವನ್ನು ಬಿಟ್ಟರೆ ದೋಣಿ ತಾನೇ ನೆಟ್ಟಗಾದೀತು, ಕಟ್ಟಿದ್ದರೆ ಮಗುಚೀತು.

ಇನ್ನೊಂದು ತೊಡಕುಂಟು. ಗಾಳಿಯಿಲ್ಲದ ದಿನ ಯಾದಗಿರಿಯ ರಸ್ತೆಯಲ್ಲಿ ಸೈಕಲ್ ತುಳಿದರೂ ಮುಖಕ್ಕೆ ಗಾಳಿ ಹೊಡೆಯುತ್ತದೆ. ಅಂತೆಯೇ ದೋಣಿಯ ವೇಗ ಏರಿದಂತೆ ಗಾಳಿ ಮುಂದಿನಿಂದ ಬರುವಂತೆ ಭಾಸವಾಗುತ್ತದೆ; ಆಗ ಹಾಯಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳಬೇಕು. ನೇರವಾಗಿ ಗಾಳಿಗೆದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿಗಳಷ್ಟು ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಸಾಗಿ ಗುರಿ ಮುಟ್ಟಬೇಕು.

ಈ ಅಂಕುಡೊಂಕಿಗೆ ವಿಸ್ತಾರವಾದ ನೀರು ಬೇಕು. ಈಜಿಪ್ಟಿನ ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ, ಅಲ್ಲಿಯ ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ಆದುದರಿಂದ ಅಲ್ಲಿನ ಅಂಬಿಗನು ಹಾಯಿ ಬಿಚ್ಚಿ ಮೇಲಕ್ಕೇರಿ, ಹಾಯಿ ಇಳಿಸಿ ಪ್ರವಾಹದೊಡನೆ ಮರಳುತ್ತಿದ್ದನು. ನಮ್ಮ ಕಡೆ ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ. ಕೃಷ್ಣೆಯೂ ಮೂಡಣಕ್ಕೇ ಹರಿಯುತ್ತಾಳೆ. ತಿಂಥಣಿಯಿಂದ ಮೇಲಕ್ಕೆ ಹೊರಟವನಿಗೆ ಮಳೆಗಾಲದಲ್ಲಿ ನೀರೂ ಎದುರು, ಗಾಳಿಯೂ ಎದುರು. ಬಂಡೆಗಳ ನಡುವೆ ಓರೆಯಾಗಿ ಸಾಗಲು ಎಡೆಯೂ ಇಲ್ಲ. ಈ ಹೊಳೆಯಲ್ಲಿ ಹಾಯಿ ಬೇರೂರದೆ ಹರಿಗೋಲು ನಿಂತುದಕ್ಕೆ ಇದೂ ಒಂದು ಕಾರಣವಿದ್ದೀತೆಂದು ನಮಗೆ ತೋರುತ್ತದೆ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಹಿಂದೆ, ಬಸವಸಾಗರದಲ್ಲಿ, ಅದೇ ಕೃಷ್ಣೆ ಈಗ ಹರಡಿ ನಿಂತಿದ್ದಾಳೆ. ಅಲ್ಲಿ ಪ್ರವಾಹದ ಸೆಳೆತ ಕಡಿಮೆ. ಗಾಳಿಯ ಲೆಕ್ಕವೇ ಮುಖ್ಯ.