ನಂದಿ ಯಡೂರಿನಲ್ಲಿ, ಶಿವ ಖಿದ್ರಾಪುರದಲ್ಲಿ

ಮುಗಳಖೋಡದ ಯಲ್ಲಾಲಿಂಗ ಮಹಾರಾಜರ ಮಠದಲ್ಲಿ ಗದ್ದುಗೆಗೆ ಕಾಯಿ ಒಡೆಸಿಕೊಂಡವರು ಹಾರೂಗೇರಿ, ಕುಡಚಿ, ಉಗಾರದ ದಾರಿ ಹಿಡಿದರೆ ಎರಡೂ ಬದಿಗೆ ಕಬ್ಬು. ಕಾಗವಾಡ ಸೀಮೆಯ ಜುಗೂಳಕ್ಕೆ ಬಂದಾಗ ಕೃಷ್ಣಾ ಹೊಳೆ ಎದುರಾಗುತ್ತದೆ. ಆಚೆ ದಂಡೆಯಲ್ಲಿ ಖಿದ್ರಾಪುರ. ಅದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಈ ದಂಡೆ ಒಂದು ಕಡೆಗೆ, ಆ ದಂಡೆ ಇನ್ನೊಂದು ಕಡೆಗೆ ಹೋಯಿತು. ಖಿದ್ರಾಪುರದ ಶಿವ, ಕೋಪೇಶ್ವರನ ಗುಡಿಗೆ ಹೋಗುವವರು ಮಾತ್ರ ಹೊಳೆ ದಾಟುವುದನ್ನು ಬಿಡಲಿಲ್ಲ.

ಗುಡಿಗೆ ಮಧ್ಯಾಹ್ನ ಹೋಗಬೇಕು. ತಂಪು ಹೊತ್ತು ನೋಡಿ ಹೋಗುವವರೇ ಹೆಚ್ಚು, ಆದರೆ ಈ ಗುಡಿಯ ಮೊದಲ ಮಂಟಪ ಇರುವುದೇ ಬಿಸಿಲಿಗಾಗಿ. ಅದನ್ನು ಸ್ವರ್ಗಮಂಟಪ ಎನ್ನುತ್ತಾರೆ. ಕಂಬಗಳ ನಡುವೆ ನಿಂತು ಕತ್ತೆತ್ತಿದರೆ ಚಾವಣಿ ಇರಬೇಕಾದಲ್ಲಿ ದುಂಡಗಿನ ಬಯಲು, ಸುಮಾರು 13 ಅಡಿ ಅಗಲದ್ದು. ಅದರ ನೇರ ಕೆಳಗೆ ನೆಲದಲ್ಲಿ ಅಷ್ಟೇ ದುಂಡಗಿನ ಒಂದೇ ಹಾಸುಗಲ್ಲು. ಸುತ್ತ 12 ಕಂಬಗಳ ಒಳಸುತ್ತು, ಹೊರಗಿನ ಸುತ್ತುಗಳನ್ನೂ ಸೇರಿಸಿದರೆ ಒಟ್ಟು 48. ದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಂದಿಗೆ ಮೇಲೆ ನಿಂತಿದ್ದಾರೆ, ಕಾರ್ತಿಕೇಯ ನವಿಲಿನ ಸಂಗಡ ಇದ್ದಾನೆ. ಕೆಳಗಿನ ಕಲ್ಲಿನ ಮೇಲೆ ಬಿಸಿಲಿನ ಬಿಲ್ಲೆ ಹೊತ್ತು ಸರಿದಂತೆ ತಾನೂ ಸರಿಯುತ್ತದೆ.

ಚಾವಣಿ ಕಟ್ಟುವಾಗ ಕೆಲಸ ಅರ್ಧಕ್ಕೇ ನಿಂತಿತು ಎನ್ನುವವರಿದ್ದಾರೆ, ಹೋಮದ ಹೊಗೆ ಹೋಗಲು ಬಿಟ್ಟ ಕಿಂಡಿ ಎನ್ನುವವರೂ ಇದ್ದಾರೆ. ಮೊದಲನೆಯ ಮಾತನ್ನು ನಾನು ಒಪ್ಪಲಾರೆ. ಮೇಲಿನ ಬಯಲಿಗೂ ಕೆಳಗಿನ ಕಲ್ಲಿಗೂ ಇಷ್ಟು ಸರಿಯಾಗಿ ಅಳತೆ ಕೂಡಿಸಿದ ಶಿಲ್ಪಿಗೆ ಅಲ್ಲಿ ಆಕಾಶವೇ ಬೇಕಾಗಿತ್ತು. ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಈ ವೃತ್ತದ ನೆತ್ತಿಗೆ ಬರುತ್ತಾನೆಂದು ಜನ ನೆರೆಯುತ್ತಾರೆ. ಅದು ಬರಿಯ ನಂಬಿಕೆಯಲ್ಲ, ಅದರ ಹಿಂದೆ ಲೆಕ್ಕವಿದೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರು ದಿಕ್ಕಿನಲ್ಲಿರುತ್ತಾನೆ. ಕಾರ್ತಿಕದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಷ್ಟೇ ಚಂದ್ರ ಉತ್ತರಕ್ಕೆ ಏರಿ, ಹದಿನೇಳು ಡಿಗ್ರಿ ಅಕ್ಷಾಂಶದ ಆಸುಪಾಸಿನ ಈ ಊರಿಗೆ ಹೆಚ್ಚುಕಡಿಮೆ ನಡುನೆತ್ತಿಗೇ ಬರುತ್ತಾನೆ. ಮೇ ತಿಂಗಳ ಮೊದಲ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯನೂ ಇಲ್ಲಿ ಹಾಗೆಯೇ ನೆತ್ತಿಯ ಮೇಲಿರುತ್ತಾನೆ. ಕಟ್ಟಿದವರಿಗೆ ಕಲ್ಲೂ ಗೊತ್ತಿತ್ತು, ಪಂಚಾಂಗವೂ ಗೊತ್ತಿತ್ತು.

ಅಷ್ಟು ಬೆಳಕಿನಿಂದ ಸಭಾಮಂಟಪಕ್ಕೆ ಕಾಲಿಟ್ಟರೆ ಒಂದು ಗಳಿಗೆ ಏನೂ ಕಾಣುವುದಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಮೂಡುತ್ತವೆ. ಚೌಕ, ಎಂಟು ಮೂಲೆ, ದುಂಡು, ಮತ್ತೆ ಚೌಕ. ಕೆಲವಕ್ಕೆ ಈಗಲೂ ಮುಖ ಕಾಣುವಷ್ಟು ನುಣುಪು. ದಖನ್ನಿನ ಗಟ್ಟಿ ಕರಿಕಲ್ಲನ್ನು ಕಡಚಲ ಹಿಡಿದು ತಿರುಗಿಸಿ ತೆಗೆದ ಈ ಉಂಗುರದಂಥ ಗೆರೆಗಳು ಲಕ್ಕುಂಡಿ, ಇಟಗಿ ನೋಡಿದವರಿಗೆ ಹೊಸವಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕೈಗಳೇ ಇಲ್ಲಿಯೂ ದುಡಿದಿವೆ. ಕೊಲ್ಲಾಪುರದ ಶಿಲಾಹಾರರು ಆ ಚಾಲುಕ್ಯರ ಸಾಮಂತರು. ಹನ್ನೆರಡನೆಯ ಶತಮಾನದಲ್ಲಿ ಗಂಡರಾದಿತ್ಯ ಮತ್ತು ಅವನ ಮುಂದಿನವರ ಆಳ್ವಿಕೆಯಲ್ಲಿ ಈ ಗುಡಿ ಬೆಳೆಯಿತು. ಶಿಲಾಹಾರರ ಎರಡನೆಯ ಭೋಜನನ್ನು ಸೋಲಿಸಿ ದೇವಗಿರಿಯ ಯಾದವ ಸಿಂಘಣ ಈ ನಾಡನ್ನು ತೆಗೆದುಕೊಂಡಾಗಲೂ ದೇವರ ಸೇವೆ ನಿಲ್ಲಲಿಲ್ಲ. ಶಕ 1136ರ, ಎಂದರೆ ಕ್ರಿ.ಶ. 1213-14ರ ಅವನ ಶಾಸನ ಕೋಪೇಶ್ವರನಿಗೆ ಊರು ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಅದು ಸಂಸ್ಕೃತದಲ್ಲಿದೆ. ಗುಡಿಯ ಬೇರೆ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಹೊಳೆ ದಾಟಿ ಬಂದ ನಮ್ಮ ಕಡೆಯ ಮಂದಿ ಆ ಲಿಪಿಯ ಮೇಲೆ ಬೆರಳಾಡಿಸಿ ಒಂದೆರಡು ಅಕ್ಷರ ಗುರುತು ಹಿಡಿದಾಗ ಅವರ ಮುಖದಲ್ಲಿ ಕಾಣುವ ಸಂತೋಷ ದೊಡ್ಡದು. ಇನ್ನೊಂದು ಮಾತು: ಚೋಳರ ರಾಜಾಧಿರಾಜ ಆನೆಯ ಮೇಲೆಯೇ ಮಡಿದ, ಆಹವಮಲ್ಲ ಸೋಮೇಶ್ವರನೆದುರಿನ ಕೊಪ್ಪಂ ಕಾಳಗ ನಡೆದದ್ದು ಇದೇ ನೆಲದಲ್ಲಿ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅದು ಕೊಪ್ಪಳ ಎನ್ನುವವರೂ ಇದ್ದಾರೆ.

ಗರ್ಭಗುಡಿಯಲ್ಲಿ ಎರಡು ಲಿಂಗ. ಒಂದು ಕೋಪೇಶ್ವರ, ಇನ್ನೊಂದು ಧೋಪೇಶ್ವರ. ದಕ್ಷನ ಯಜ್ಞದಲ್ಲಿ ಗಂಡನಿಗಾದ ಅವಮಾನ ತಾಳದೆ ಸತಿ ಬೆಂಕಿಗೆ ಬಿದ್ದಳು. ವೀರಭದ್ರ ಹೋಗಿ ಯಜ್ಞವನ್ನು ಹಾಳುಗೆಡವಿದ ಮೇಲೂ ಶಿವನ ಸಿಟ್ಟು ಇಳಿಯಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಆ ಸಿಟ್ಟಿನಲ್ಲಿಯೇ ಇಲ್ಲಿ ಬಂದು ಕೂತ. ಸಮಾಧಾನ ಹೇಳಲು ಬಂದವನು ವಿಷ್ಣು. ಹೇಳಿ ಎದ್ದು ಹೋಗಲಿಲ್ಲ, ಪಕ್ಕದಲ್ಲಿಯೇ ಲಿಂಗವಾಗಿ ಉಳಿದ, ಅವನೇ ಧೋಪೇಶ್ವರ. ಹರಿಹರರ ಕತೆಗಳು ಎಷ್ಟೋ ಇವೆ, ಆದರೆ ದುಃಖದಲ್ಲಿದ್ದವನ ಮಗ್ಗುಲಿಗೆ ಸುಮ್ಮನೆ ಕೂತ ಗೆಳೆಯನನ್ನೂ ಪೂಜಿಸುವ ಈ ಪದ್ಧತಿ ನನ್ನ ಮನಸ್ಸನ್ನು ಹಿಡಿದಷ್ಟು ಬೇರೆ ಯಾವುದೂ ಹಿಡಿದಿಲ್ಲ. ಬಿಲ್ವಪತ್ರೆ ಇಬ್ಬರಿಗೂ ಏರುತ್ತದೆ, ನೀರು ಇಬ್ಬರ ಮೇಲೂ ಬೀಳುತ್ತದೆ. ಶ್ರಾವಣ ಸೋಮವಾರಗಳಲ್ಲಿ, ಶಿವರಾತ್ರಿಯಲ್ಲಿ ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿಯೇ ಸಾಲಿಗೆ ನಿಲ್ಲುವವರ ನಡುವೆ ಕನ್ನಡ ಮರಾಠಿ ಎರಡೂ ಕಿವಿಗೆ ಬೀಳುತ್ತವೆ.

ಹೊರಗೆ ಬಂದು ಪ್ರದಕ್ಷಿಣೆ ಹಾಕುವಾಗ ಅವಸರ ಬೇಡ. ಗುಡಿಯ ಬುಡದ ಸುತ್ತ ಆನೆಗಳ ಪಟ್ಟಿ ಇದೆ. 92 ಆನೆಗಳು ಗುಡಿಯನ್ನೇ ಬೆನ್ನ ಮೇಲೆ ಹೊತ್ತು ನಿಂತಿವೆ, ಅವುಗಳ ಮೇಲೆ ದೇವತೆಗಳು ಕೂತಿದ್ದಾರೆ. ಸೊಂಡಿಲು ಒಡೆದಿವೆ, ಸವಾರರ ಮುಖ ಹಾರಿವೆ. ಆದರೂ ಕಾಲ ಗೆಜ್ಜೆ, ಕೊರಳ ಗಂಟೆ, ಬೆನ್ನ ಮೇಲಿನ ಹಗ್ಗದ ಹೊಸೆತ ಒಂದೊಂದೂ ಬೇರೆ. ಒಡೆದ ಆನೆಯ ಹತ್ತಿರ ಕೂತು ಉಳಿದ ಕಾಲನ್ನು ನೋಡಿದರೆ ಭಾರ ಹೊತ್ತ ಮಂಡಿ ತುಸು ಬಾಗಿದ್ದು ಕಾಣುತ್ತದೆ. ಕೃಷ್ಣೆ ಉಕ್ಕಿದ ವರ್ಷಗಳಲ್ಲಿ ಎರಡೂ ದಂಡೆಯ ಊರುಗಳು ಜಲಾವೃತವಾಗುತ್ತವೆ; 2019ರ ಆಗಸ್ಟಿನ ಮಹಾಪೂರವನ್ನು ಇಲ್ಲಿ ಯಾರೂ ಮರೆತಿಲ್ಲ. ಎಂಟುನೂರು ವರ್ಷ ಇಂಥ ಹೊಳೆಯ ಮಗ್ಗುಲಲ್ಲಿ ನಿಂತ ತಳಪಾಯ ಇದು.

ಒಂದು ಕೊರತೆ ಮಾತ್ರ ಮಕ್ಕಳ ಕಣ್ಣಿಗೇ ಮೊದಲು ಬೀಳುತ್ತದೆ. ಮುಗಳಖೋಡದ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದ ಒಂದು ಮನೆಯವರಲ್ಲಿ ಒಬ್ಬ ಹುಡುಗ ಅಜ್ಜಿಯ ಸೆರಗು ಜಗ್ಗಿದ.

“ಆಯಿ, ಇಲ್ಲಿ ಬಸವಣ್ಣ ಎಲ್ಲಿ?”

“ಇಲ್ಲಿಲ್ಲಪ್ಪಾ. ಸತಿ ತವರಮನಿಗೆ ಹೋಗುವಾಗ ಅವನ ಮ್ಯಾಲೆ ಕೂತು ಹೋದಳಲ್ಲ, ಅಂವ ಅಲ್ಲೇ ಉಳದ. ನಮ್ಮ ಯಡೂರಾಗ ಅದಾನ.”

ಯಡೂರು ಇರುವುದು ಕರ್ನಾಟಕದ ಚಿಕ್ಕೋಡಿ ಸೀಮೆಯಲ್ಲಿ, ಕೃಷ್ಣೆಯ ತೀರದಲ್ಲಿಯೇ. ದಕ್ಷನ ಯಜ್ಞ ನಡೆದದ್ದು ಅಲ್ಲಿ ಎಂದು ನಂಬಿಕೆ. ವೀರಭದ್ರನ ದೊಡ್ಡ ಗುಡಿ ಇರುವುದೂ ಅಲ್ಲಿಯೇ. ಮಹಾರಾಷ್ಟ್ರದ ಊರುಗಳಿಂದ ಅಲ್ಲಿಗೆ ಬರುವ ಭಕ್ತರಿಗೆ ಲೆಕ್ಕವಿಲ್ಲ. ಕತೆಯ ಅರ್ಧ ಆ ರಾಜ್ಯದಲ್ಲಿ, ಉಳಿದರ್ಧ ಈ ರಾಜ್ಯದಲ್ಲಿ. ಪೂರ್ತಿ ಬೇಕಾದವರು ಎರಡೂ ಕಡೆ ಹೋಗಲೇಬೇಕು.

ಹುಡುಗನಿಗೆ ಅಷ್ಟು ಸಾಲಲಿಲ್ಲ. “ಹಂಗಾರ ಶಿವಪ್ಪ ಒಬ್ಬನ ಇರ್ತಾನೇನ?” ಎಂದ.

“ಒಬ್ಬನ ಯಾಕ? ಬಾಜೂಕ ವಿಷ್ಣು ಕುಂತಾನಲ್ಲ,” ಎಂದು ಅಜ್ಜಿ ಬುತ್ತಿಯ ಗಂಟು ಎತ್ತಿ ಡ್ರೈವರನನ್ನು ಕೂಗಿದಳು: “ನಡಿಯೋ ತಮ್ಮಾ, ಹೊತ್ತು ಮುಳಗೂದರೊಳಗ ಯಡೂರ ಮುಟ್ಟೂಣು.”